38 ಬಿಗಿ, 40 ಜೋಲು: ಎರಡು ಸೈಜಿನ ನಡುವೆ ಸಿಕ್ಕಿಕೊಂಡವರು ಸೂಟು ಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನ ಎತ್ತರ 5 ಅಡಿ 6 ಇಂಚು. ಎದೆ 39, ಹೊಟ್ಟೆ 36 ಇಂಚು. ಇನ್ನೆರಡು ತಿಂಗಳಿಗೆ ಮದುವೆ, ಆರತಕ್ಷತೆಗೆ ಸೂಟು ಬೇಕು. ದಾವಣಗೆರೆಯಲ್ಲಿ ನಾಲ್ಕೈದು ಅಂಗಡಿ ತಿರುಗಿದೆ. 38ರ ಕೋಟು ಹಾಕಿದರೆ ಗುಂಡಿಯ ಹತ್ತಿರ ಎಳೆಯುತ್ತದೆ. 40 ಹಾಕಿದರೆ ಭುಜ ಜೋಲುತ್ತದೆ, ತೋಳು ಹೆಬ್ಬೆರಳಿನವರೆಗೆ ಬರುತ್ತದೆ. 40ರ ಜೊತೆಗೆ ಕೊಡುವ ಪ್ಯಾಂಟು 34, ಅದರ ಹುಕ್ಕೇ ಬೀಳುವುದಿಲ್ಲ. "40 ತಗೊಳ್ಳಿ ಸರ್, ಆಲ್ಟರ್ ಮಾಡಿಸಿ ಕೊಡ್ತೀವಿ" ಅಂತಾರೆ. ತಗೊಳ್ಳಲೋ, ಬಟ್ಟೆ ಕೊಂಡು ಹೊಲಿಸಲೋ?

ಉತ್ತರ: ಆ 40 ಬೇಡ. ಅಂಗಡಿಯವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. 40ರ ಸೊಂಟ ಹಿಡಿಯಬಹುದು, ತೋಳು ಗಿಡ್ಡ ಮಾಡಬಹುದು. ಆದರೆ ನಿಮಗೆ ಅದರಲ್ಲಿ ಹೆಚ್ಚಾಗಿರುವುದು ಭುಜ ಮತ್ತು ಕಂಕುಳಿನ ಸುತ್ತು. ಅಂಗಡಿಯ ಆಲ್ಟರೇಶನ್ ಮಾಸ್ಟರ್ ಕೈಹಾಕದ ಜಾಗಗಳು ಇವು. 38ರಲ್ಲಿ ಕಡಿಮೆ ಬಿದ್ದಿರುವುದು ಹೊಟ್ಟೆಯ ಹತ್ತಿರ, ಅಲ್ಲಿ ಹೊಲಿಗೆ ಬಿಚ್ಚಿ ಬಟ್ಟೆ ಬಿಡಿಸಲು ದಾರಿ ಇರುತ್ತದೆ. ಆದ್ದರಿಂದ ನೀವು ಹುಡುಕಬೇಕಾದದ್ದು ಭುಜಕ್ಕೆ ಸರಿಯಾಗಿ ಕೂರುವ, ಹೊಟ್ಟೆಯ ಹತ್ತಿರ ಧಾರಾಳವಾಗಿ ಕತ್ತರಿಸಿದ, ಉದ್ದ ಕಡಿಮೆ ಇರುವ ಕೋಟನ್ನು. ಸಿಗದಿದ್ದರೆ ಅಳತೆ ಕೊಟ್ಟು ಮಾಡಿಸಬೇಕು.

ನಿಮ್ಮ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಎದೆ 39, ಹೊಟ್ಟೆ 36, ವ್ಯತ್ಯಾಸ 3 ಇಂಚು. ಸೂಟಿನ ವ್ಯಾಪಾರದಲ್ಲಿ ಇದಕ್ಕೆ "ಡ್ರಾಪ್" ಅನ್ನುತ್ತಾರೆ. ಸಾಮಾನ್ಯ ರೆಡಿಮೇಡ್ ಸೂಟಿನ ಡ್ರಾಪ್ 6 ಇಂಚು, ಅದಕ್ಕೇ 40ರ ಕೋಟಿನ ಜೊತೆ 34ರ ಪ್ಯಾಂಟು, 38ರ ಜೊತೆ 32. ಸ್ಲಿಮ್ ಫಿಟ್ ಆದರೆ 7, ಕೆಲವು ಕಂಪನಿಗಳಲ್ಲಿ 8 ಕೂಡ. ಅಂದರೆ ನಿಮ್ಮ ತೊಂದರೆ 38 ಮತ್ತು 40ರ ನಡುವಿನ ಒಂದು ಇಂಚಿನದ್ದಲ್ಲ. ನಿಮ್ಮ ಭುಜ 38ರದ್ದು, ಹೊಟ್ಟೆ 42ರ ಸೂಟಿನದ್ದು. ಎಷ್ಟು ಅಂಗಡಿ ತಿರುಗಿದರೂ ಒಂದೇ ನಂಬರಿನಲ್ಲಿ ಎರಡೂ ಸಿಗುವುದು ಕಷ್ಟ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ನಮ್ಮ ದೇಶದವರ ಮೈಕಟ್ಟಿಗೆಂದೇ ಮಾಡಿದ ಅಳತೆಪಟ್ಟಿ ಬಹುಕಾಲ ಇರಲೇ ಇಲ್ಲ, ಕಂಪನಿಗಳು ಹೊರದೇಶದ ಪಟ್ಟಿಗಳನ್ನೇ ಅಷ್ಟಿಷ್ಟು ತಿದ್ದಿಕೊಂಡು ಬಂದವು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಜವಳಿ ಸಚಿವಾಲಯದ ಬೆಂಬಲದಿಂದ "ಇಂಡಿಯಾಸೈಜ್" ಹೆಸರಿನಲ್ಲಿ 15ರಿಂದ 65 ವಯಸ್ಸಿನ 25,000 ಮಂದಿಯ ಮೈಯನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ ಹಾಕಿಕೊಂಡದ್ದು ಈ ಕೊರತೆ ನೀಗಿಸಲಿಕ್ಕೇ.

ಚೀಟಿಯ ನಂಬರು ಬಿಡಿ, ಕೋಟನ್ನೇ ಅಳೆಯಿರಿ

40 ಅಂತ ಚೀಟಿಯಿದ್ದರೆ ಅದು 40 ಇಂಚು ಎದೆಯವರಿಗೆ ಅಂತ ಅರ್ಥ. ಕೋಟಿನ ಎದೆ ಅದಕ್ಕಿಂತ ದೊಡ್ಡದು. ರೆಗ್ಯುಲರ್ ಫಿಟ್‌ನಲ್ಲಿ ಮೈಗಿಂತ ಸುಮಾರು 4 ಇಂಚು, ಸ್ಲಿಮ್‌ನಲ್ಲಿ ಎರಡೂವರೆಯಿಂದ 3 ಇಂಚು ಸಡಿಲ ಬಿಟ್ಟಿರುತ್ತಾರೆ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ. ಒಂದು ಕಂಪನಿಯ ರೆಗ್ಯುಲರ್ 38, ಇನ್ನೊಂದರ ಸ್ಲಿಮ್ 40ರಷ್ಟೇ ಇರಬಹುದು. ಯುರೋಪಿನ ಚೀಟಿ ಇದ್ದರೆ 10 ಕಳೆಯಿರಿ: 48 ಅಂದರೆ ನಮ್ಮ 38, 50 ಅಂದರೆ 40.

ಜೇಬಿನಲ್ಲಿ ಇಂಚು ಟೇಪು ಇಟ್ಟುಕೊಂಡೇ ಅಂಗಡಿಗೆ ಹೋಗಿ. ಕೋಟಿನ ಗುಂಡಿ ಹಾಕಿ ಮೇಜಿನ ಮೇಲೆ ಹಾಸಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಅಳೆದು ಎರಡರಿಂದ ಗುಣಿಸಿದರೆ ಎದೆ. ಗುಂಡಿಯ ಮಟ್ಟದಲ್ಲಿ ಅಡ್ಡಕ್ಕೆ ಅಳೆದು ಎರಡರಿಂದ ಗುಣಿಸಿದರೆ ಸೊಂಟ. ನಿಮ್ಮ 39ರ ಎದೆಗೆ ಕೋಟಿನ ಎದೆ 42ರಿಂದ 43 ಇರಬೇಕು, 36ರ ಹೊಟ್ಟೆಗೆ ಕೋಟಿನ ಸೊಂಟ 39ರ ಸುಮಾರು. ರೆಗ್ಯುಲರ್ ಕಟ್‌ನ 38ರಲ್ಲಿ ಎದೆ 42ರ ಹತ್ತಿರ, ಸೊಂಟ 38ರ ಆಜುಬಾಜು ಬರುತ್ತದೆ, ಒಂದು ಇಂಚು ಬಿಡಿಸಿದರೆ ಕೆಲಸ ಆಯಿತು. ಸ್ಲಿಮ್ 38ರಲ್ಲಿ ಸೊಂಟ 36, 37ಕ್ಕೇ ನಿಂತಿರುತ್ತದೆ. ನೀವು ಹಾಕಿ ನೋಡಿ ಎಳೆಯಿತು ಅಂದ 38 ಬಹುಮಟ್ಟಿಗೆ ಈ ಸ್ಲಿಮ್ಮೇ ಇರಬೇಕು, ಈಗ ಅಂಗಡಿಗಳಲ್ಲಿ ಎದುರಿಗೆ ತೂಗುಹಾಕುವುದು ಅದನ್ನೇ. ರೆಗ್ಯುಲರ್ ಅಥವಾ ಕಂಫರ್ಟ್ ಫಿಟ್ ಕೇಳಿದರೆ ಮಾತ್ರ ಒಳಗಿಂದ ತೆಗೆಯುತ್ತಾರೆ. ಕೇಳಿ.

ಭುಜದ ಲೆಕ್ಕವೂ ಗೊತ್ತಿರಲಿ. 38ರಿಂದ 40ಕ್ಕೆ ಹೋದಾಗ ಎದೆ 2 ಇಂಚು ಹೆಚ್ಚಾದರೆ ಭುಜದ ಅಗಲ ಹೆಚ್ಚಾಗುವುದು ಅರ್ಧ ಇಂಚಿನಷ್ಟೇ. ಆದ್ದರಿಂದ 40ರ ಭುಜ ಪ್ರತಿ ಪಕ್ಕಕ್ಕೆ ಕಾಲು ಇಂಚು ಮಾತ್ರ ಹೊರಗಿದ್ದರೆ ಅದೇ ಕಂಪನಿಯ 38 ಸರಿ ಕೂರುತ್ತದೆ. ಪಕ್ಕಕ್ಕೆ ಮುಕ್ಕಾಲು ಇಂಚು ಹೊರಗಿದ್ದರೆ 38ರಲ್ಲೂ ಅರ್ಧ ಇಂಚು ಹೊರಗೇ ಉಳಿಯುತ್ತದೆ. ಆಗ ಆ ಕಂಪನಿಯ ಅಚ್ಚೇ ನಿಮ್ಮದಲ್ಲ, ಬೇರೆ ಕಂಪನಿ ನೋಡಬೇಕು. ಇದನ್ನು ತಿಳಿಯಲು ಗೋಡೆಗೆ ಪಕ್ಕ ಕೊಟ್ಟು ನಿಧಾನಕ್ಕೆ ವಾಲಿ. ನಿಮ್ಮ ತೋಳಿಗಿಂತ ಮೊದಲು ಕೋಟಿನ ಪ್ಯಾಡ್ ಗೋಡೆಗೆ ತಾಗಿ ಮುದುಡಿದರೆ ಭುಜ ದೊಡ್ಡದು. ತೋಳು ಮೊದಲು ತಾಗಿ, ಭುಜದ ಹೊಲಿಗೆಯ ಕೆಳಗೆ ತೋಳು ಉಬ್ಬಿ ಕಾಣುತ್ತಿದ್ದರೆ ಸಣ್ಣದು.

ಉದ್ದಕ್ಕೂ ಒಂದು ಲೆಕ್ಕವಿದೆ. ಕತ್ತಿನ ಹಿಂದಿನ ಮೂಳೆಯಿಂದ ನೆಲದವರೆಗೆ ಅಳೆದು ಅರ್ಧ ಮಾಡಿದರೆ ಕೋಟಿನ ಹಿಂಭಾಗದ ಉದ್ದ ಸಿಗುತ್ತದೆ. 5 ಅಡಿ 6 ಇಂಚಿನವರಿಗೆ ಅದು 28ರಿಂದ 28½ ಇಂಚು. 40ರ ರೆಗ್ಯುಲರ್ ಉದ್ದದ ಕೋಟು 29½ರಿಂದ 30 ಇರುತ್ತದೆ, ಹಾಗಾಗಿಯೇ ಅದು ನಿಮ್ಮ ಕಾಲನ್ನು ನುಂಗಿದ ಹಾಗೆ ಕಾಣುವುದು. ಚೀಟಿಯಲ್ಲಿ ನಂಬರಿನ ಪಕ್ಕ ಇರುವ ಅಕ್ಷರ ನೋಡಿ: ಆರ್ ಅಂದರೆ ರೆಗ್ಯುಲರ್, ಎಸ್ ಅಂದರೆ ಶಾರ್ಟ್, ಎಲ್ ಅಂದರೆ ಲಾಂಗ್. ಶಾರ್ಟ್‌ನಲ್ಲಿ ಕೋಟು ಒಂದರಿಂದ ಒಂದೂವರೆ ಇಂಚು, ತೋಳು ಒಂದು ಇಂಚಿನಷ್ಟು ಗಿಡ್ಡ. ಅದಕ್ಕಿಂತ ಮುಖ್ಯವಾಗಿ ಗುಂಡಿ ಮತ್ತು ಜೇಬು ಕೂಡ ಮೇಲಕ್ಕೆ ಬಂದಿರುತ್ತವೆ. ಆಲ್ಟರೇಶನ್‌ನಲ್ಲಿ ಇದನ್ನೂ ಯಾರೂ ಮಾಡಿಕೊಡಲಾರರು. ಸಣ್ಣ ಊರಿನ ಅಂಗಡಿಗಳು ಶಾರ್ಟ್ ಇಟ್ಟಿರುವುದು ಅಪರೂಪ. ದೊಡ್ಡ ಬ್ರ್ಯಾಂಡಿನ ಅಂಗಡಿಯಾದರೆ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ತರಿಸಿಕೊಡಿ ಅಂತ ಕೇಳಬಹುದು. 39ರಂಥ ಬೆಸ ಸಂಖ್ಯೆಯ ಸೈಜುಗಳನ್ನೂ ಕೆಲವು ಕಂಪನಿಗಳು ಮಾಡುತ್ತವೆ, ಅದನ್ನೂ ಅದೇ ಬಾಯಲ್ಲಿ ಕೇಳಿಬಿಡಿ.

ಟ್ರಯಲ್ ರೂಮಿನಲ್ಲಿ

ಟೀ ಶರ್ಟು, ಜೀನ್ಸ್ ಹಾಕಿಕೊಂಡು ಸೂಟು ನೋಡಲು ಹೋಗಬೇಡಿ. ಮದುವೆಯ ದಿನ ಹಾಕುವಂಥದ್ದೇ ಫುಲ್ ಶರ್ಟು, ಅದೇ ಎತ್ತರದ ಹಿಮ್ಮಡಿಯ ಶೂ ಇರಲಿ. ಫೋನು, ಪರ್ಸು ಹೊರಗೆ. ಎರಡು ಗುಂಡಿಯ ಕೋಟಾದರೆ ಮೇಲಿನದನ್ನು ಮಾತ್ರ ಹಾಕಿ, ಕೈ ಇಳಿಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ನಿಲ್ಲಿ. ವೇಸ್ಟ್‌ಕೋಟ್ ಕೂಡ ಹಾಕುವ ಯೋಚನೆಯಿದ್ದರೆ ಈಗಲೇ ಹಾಕಿ, ಅದೇ ಒಂದು ಇಂಚಿನಷ್ಟು ಜಾಗ ತಿನ್ನುತ್ತದೆ.

ಗುಂಡಿಯಿಂದ ನಾಲ್ಕೂ ಕಡೆಗೆ ಗೆರೆ ಹರಡಿ ಗುಣಾಕಾರದ ಚಿಹ್ನೆಯ ಹಾಗೆ ಕಂಡರೆ ಸೊಂಟ ಬಿಗಿ. ಸಣ್ಣ ಎರಡು ಗೆರೆಯಾದರೆ ಬಿಡಿಸಬಹುದು, ಗುಂಡಿಯ ದಾರವೇ ಎಳೆದು ನಿಂತಿದ್ದರೆ ಆಗುವುದಿಲ್ಲ. ಗುಂಡಿ ಹಾಕಿದಾಗ ಲ್ಯಾಪೆಲ್, ಅಂದರೆ ಕಾಲರಿನಿಂದ ಎದೆಯ ಮೇಲೆ ಮಡಿಸಿ ಇಳಿಯುವ ಪಟ್ಟಿ, ಎದೆಗೆ ಒರಗದೆ ಬಿಲ್ಲಿನಂತೆ ಬಾಗಿ ಹೊರಗೆ ನಿಂತರೆ ಎದೆಯೇ ಸಾಲದು. ಅದಕ್ಕೆ ಮದ್ದಿಲ್ಲ, ಆ ಕೋಟು ಬಿಡಿ. ಬೆನ್ನಿನಲ್ಲಿ ಕಂಕುಳಿನ ಪಕ್ಕ ಉದ್ದುದ್ದ ಮಡಿಕೆ ಬಿದ್ದರೆ ಬೆನ್ನು ಅಗಲ ಹೆಚ್ಚು. ಕಾಲರಿನ ಕೆಳಗೆ ಅಡ್ಡಲಾಗಿ ಬಟ್ಟೆ ಸುರುಳಿ ಸುತ್ತಿಕೊಂಡರೆ ಕತ್ತಿನ ಹತ್ತಿರ ಉದ್ದ ಹೆಚ್ಚಾಗಿದೆ ಅಂತ, ಭುಜ ಇಳಿಜಾರಿಲ್ಲದೆ ನೇರವಾಗಿರುವವರಿಗೆ ಇದು ಸಾಮಾನ್ಯ. ಕೋಟಿನ ಕಾಲರು ಶರ್ಟಿನ ಕಾಲರಿಗೆ ಅಂಟಿಕೊಂಡಿರಬೇಕು, ನಡುವೆ ಬೆರಳು ತೂರುವಷ್ಟು ಸಂದಿ ಇರಬಾರದು. ಹಿಂದಿನ ಸೀಳು ನೆಟ್ಟಗೆ ಮುಚ್ಚಿರಬೇಕು, ಬಾಯಿ ಬಿಟ್ಟಿದ್ದರೆ ಸೀಟಿನ ಹತ್ತಿರ ಬಿಗಿ.

ಕನ್ನಡಿಯಲ್ಲಿ ನಿಮ್ಮ ಒಂದು ಭುಜ ಇಳಿದು ಕಂಡರೆ, ಆ ಪಕ್ಕದ ಕಂಕುಳಿನ ಕಡೆಗೆ ಓರೆ ಗೆರೆ ಬಿದ್ದಿದ್ದರೆ ಗಾಬರಿ ಬೇಡ. ಬಹಳ ಮಂದಿಗೆ ಎರಡು ಭುಜ ಸಮವಿರುವುದಿಲ್ಲ. ಆ ಕಡೆ ಪ್ಯಾಡಿನ ಕೆಳಗೆ ಕಾಲು ಇಂಚಿನ ಇನ್ನೊಂದು ತೆಳು ಪ್ಯಾಡ್ ಸೇರಿಸಿದರೆ ಗೆರೆ ಹೋಗುತ್ತದೆ.

ಆಮೇಲೆ ಕೈ ಆಡಿಸಿ. ಆರತಕ್ಷತೆಯಲ್ಲಿ ವರ ನಿಂತಲ್ಲೇ ನಿಂತಿರುವುದಿಲ್ಲ: ಕೈಕುಲುಕಬೇಕು, ಹಾರ ಹಾಕಬೇಕು, ಬಗ್ಗಿ ಹಿರಿಯರ ಕಾಲಿಗೆ ನಮಸ್ಕಾರ ಮಾಡಬೇಕು. ಎರಡೂ ಕೈ ಮುಂದೆ ಚಾಚಿದಾಗ ಕೋಟು ಒಟ್ಟಾಗಿ ಮೇಲೆದ್ದು ಕಾಲರು ಕಿವಿಯ ಹತ್ತಿರ ಬಂದರೆ ಕಂಕುಳಿನ ಸುತ್ತು ತೀರ ಕೆಳಗಿದೆ. ಸಡಿಲ ಕೋಟಿನಲ್ಲಿ ಕೈ ಸಲೀಸಾಗಿ ಆಡುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ, ನಡೆಯುವುದು ಅದಕ್ಕೆ ತಿರುಗುಮುರುಗು. ಕಂಕುಳಿಗೆ ಹತ್ತಿರ ಕೂತ ಕೋಟಿನಲ್ಲಿ ತೋಳಷ್ಟೇ ಆಡುತ್ತದೆ. ಕೆಳಗಿಳಿದ ಕಂಕುಳು ತೋಳಿನ ಜೊತೆ ಇಡೀ ಕೋಟನ್ನು ಎಳೆಯುತ್ತದೆ. ದೊಡ್ಡ ಸೈಜು ಕೊಂಡು ಸಣ್ಣದು ಮಾಡಿಸಿದ ಕೋಟು ಎಲ್ಲ ಕಡೆ ಸರಿಯಿದ್ದೂ ಯಾಕೋ ತನ್ನದಲ್ಲ ಅನ್ನಿಸುವುದಕ್ಕೆ ಮುಖ್ಯ ಕಾರಣ ಇದೇ. ಒಮ್ಮೆ ಕತ್ತರಿಸಿ ಹೋದ ಬಟ್ಟೆಯನ್ನು ಯಾರೂ ಮತ್ತೆ ಮೇಲಕ್ಕೆ ತರಲಾರರು.

ಆಲ್ಟರೇಶನ್ ಎಲ್ಲಿಯವರೆಗೆ

ಸೊಂಟ ಹಿಡಿಯುವುದು ಸುಲಭದ ಕೆಲಸ. ಪಕ್ಕದ ಹೊಲಿಗೆಗಳಲ್ಲಿ ಮತ್ತು ಬೆನ್ನಿನ ನಡುಹೊಲಿಗೆಯಲ್ಲಿ ಹಂಚಿ ಒಂದೂವರೆ ಇಂಚು ಹಿಡಿಯಬಹುದು. ಎರಡು ಇಂಚು ದಾಟಿದರೆ ಪಕ್ಕದ ಜೇಬುಗಳು ಹಿಂದಕ್ಕೆ ಸರಿಯುತ್ತವೆ, ಹಿಂದಿನ ಸೀಳು ಬಾಯಿ ಬಿಡುತ್ತದೆ.

ಬಿಡಿಸುವುದು, ಅಂದರೆ ನಿಮಗೆ ಬೇಕಾದ ಕೆಲಸ, ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಕೊಳ್ಳುವ ಮೊದಲೇ ತಿಳಿಯಬಹುದು. ಬೆನ್ನಿನ ನಡುಹೊಲಿಗೆಯನ್ನು ಲೈನಿಂಗಿನ ಮೇಲಿಂದಲೇ ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿ, ಒಳಗಿನ ಬಟ್ಟೆಯ ಅಂಚು ಬೆರಳಿಗೆ ಸಿಗುತ್ತದೆ. ಹೊಲಿಗೆಯಿಂದ ಆ ಅಂಚಿಗೆ ಮುಕ್ಕಾಲು ಇಂಚು ಇದ್ದರೆ ಅರ್ಧ ಇಂಚು ಬಿಡಿಸಬಹುದು, ಕಾಲು ಇಂಚು ಹೊಲಿಗೆಗೇ ಬೇಕು. ಎರಡು ಕಡೆಯ ಬಟ್ಟೆಯೂ ಸೇರುವುದರಿಂದ ಒಂದು ಹೊಲಿಗೆಯಲ್ಲಿ ಅರ್ಧ ಇಂಚು ಬಿಡಿಸಿದರೆ ಸುತ್ತಳತೆಯಲ್ಲಿ ಒಂದು ಇಂಚು ಸಿಕ್ಕಿತು. ಅಗ್ಗದ ಕೋಟುಗಳಲ್ಲಿ ಬಟ್ಟೆ ಉಳಿಸಲು ಒಳಗೆ ಏನೂ ಬಿಟ್ಟಿರುವುದಿಲ್ಲ, ಬೆರಳಿಗೆ ಬರಿಯ ಓವರ್‌ಲಾಕ್ ಅಂಚು ಸಿಕ್ಕಿದರೆ ಆ ಕೋಟು ನಿಮಗಲ್ಲ. ಬಟ್ಟೆಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಉಣ್ಣೆಯಲ್ಲಿ ಹಳೆಯ ಹೊಲಿಗೆಯ ಗುರುತು ಹಬೆ ಇಸ್ತ್ರಿಗೆ ಮಾಯವಾಗುತ್ತದೆ. ಟೆರಿ ರೇಯಾನ್‌ನಲ್ಲಿ ಸೂಜಿತೂತಿನ ಸಾಲು ಬೆಳಕಿಗೆ ಕಾಣುವುದುಂಟು. ವೆಲ್ವೆಟ್‌ನಲ್ಲಿ ಗುರುತು ಹೋಗುವುದೇ ಇಲ್ಲ. ಈಗ ಆರತಕ್ಷತೆಗೆ ವೆಲ್ವೆಟ್ಟು, ಜರಿ ಮಿಂಚಿನ ಬಟ್ಟೆಗೆ ಬೇಡಿಕೆ ಹೆಚ್ಚು. ನಡುವಿನ ಅಳತೆಯವರು ಅವನ್ನು ರೆಡಿಮೇಡ್ ಕೊಳ್ಳಲೇಬಾರದು. ಚೌಕುಳಿಯ ಬಟ್ಟೆಯೂ ಬೇಡ, ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಚೌಕ ತಪ್ಪುತ್ತದೆ. ಕಡುನೀಲಿ ಅಥವಾ ಇದ್ದಿಲು ಬಣ್ಣದ ಸಾದಾ ಉಣ್ಣೆ, ಉಣ್ಣೆ ಮಿಶ್ರಣ ಆದೀತು.

ಮುಂದಿನ ಗುಂಡಿಯನ್ನು ಕಾಲು ಇಂಚು ಅಂಚಿನ ಕಡೆಗೆ ಸರಿಸಿ ಹೊಲಿಯುವುದು ಹಳೆಯ ಉಪಾಯ. ಅಷ್ಟಕ್ಕೇ ನಿಲ್ಲಿಸಿ. ಅರ್ಧ ಇಂಚು ಸರಿಸಿದರೆ ಎರಡು ಕಡೆಯ ಅಂಚು ಕೆಳಗೆ ಸಮನಾಗಿ ಕೂರುವುದಿಲ್ಲ.

ತೋಳಿನಲ್ಲಿ ಮೊದಲು ನೋಡಬೇಕಾದದ್ದು ಕೊನೆಯ ಗುಂಡಿಗಳ ಕಾಜ ನಿಜವಾಗಿ ಕತ್ತರಿಸಿದ್ದೋ ಬರೀ ದಾರದ ಗುರುತೋ ಅಂತ. ಬರೀ ಗುರುತಾದರೆ ಕೆಳಗಿನಿಂದ ಒಂದು ಇಂಚು ಗಿಡ್ಡ ಮಾಡಿ ಗುಂಡಿಗಳನ್ನು ಮೇಲಕ್ಕೆ ಸರಿಸಬಹುದು. ಕತ್ತರಿಸಿದ ಕಾಜವಾದರೆ ಕೆಳಗೆ ಮುಟ್ಟುವಂತಿಲ್ಲ, ತೋಳನ್ನು ಭುಜದಿಂದ ಕಳಚಿ ಮೇಲಿನಿಂದ ಕಡಿಮೆ ಮಾಡಬೇಕು. ಅದು ಕೋಟಿನ ಪಳಗಿದ ಕೈಯವರಷ್ಟೇ ಮಾಡುವ ಕೆಲಸ, ಕೂಲಿಯೂ ಹಲವು ಪಟ್ಟು. ಕೈ ಇಳಿಬಿಟ್ಟಾಗ ಶರ್ಟಿನ ಕಫ್ ಕಾಲು ಇಂಚಿನಿಂದ ಅರ್ಧ ಇಂಚು ಹೊರಗೆ ಕಾಣಬೇಕು. ಶರ್ಟಿನ ತೋಳೇ ಉದ್ದ ತಪ್ಪಿದ್ದರೆ ಈ ಗುರುತು ಇಟ್ಟು ಉಪಯೋಗವಿಲ್ಲ, ಮಣಿಕಟ್ಟಿನ ಮೂಳೆ ನೋಡಿ ಗುರುತು ಹಾಕಿಸಿ.

ಕೋಟಿನ ಉದ್ದ ಅರ್ಧ ಇಂಚು, ಹೆಚ್ಚೆಂದರೆ ಮುಕ್ಕಾಲು ಇಂಚು ಕಡಿಮೆ ಮಾಡಿಸಬಹುದು. ಅದಕ್ಕಿಂತ ಹೆಚ್ಚು ಕತ್ತರಿಸಿದರೆ ಜೇಬು ಕೆಳ ಅಂಚಿಗೆ ಹತ್ತಿ ನಿಲ್ಲುತ್ತದೆ, ಮುಂದಿನ ದುಂಡು ಅಂಚಿನ ಆಕಾರವೂ ಕೆಡುತ್ತದೆ. ಕಾಲರಿನ ಸುರುಳಿಗೆ ಕಾಲರು ಬಿಚ್ಚಿ, ಬೆನ್ನಿನ ಕತ್ತಿನ ಕಡೆ ಸ್ವಲ್ಪ ತೆಗೆದು ಮತ್ತೆ ಕೂರಿಸುತ್ತಾರೆ, ಒಳ್ಳೆಯ ಟೈಲರ್ ಮಾಡುವ ಕೆಲಸವೇ. ಭುಜ ಮಾತ್ರ ಬೇಡ. "ಪ್ಯಾಡ್ ತೆಗೆದುಬಿಟ್ಟರೆ ಭುಜ ಸಣ್ಣದಾಗುತ್ತೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ಯಾಡಿನ ದಪ್ಪಕ್ಕೆಂದು ಬಿಟ್ಟ ಬಟ್ಟೆ ಅಲ್ಲೇ ಕುಸಿದು ತೋಳಿನ ಮೇಲ್ಭಾಗದಲ್ಲಿ ಗುಳಿ ಬೀಳುತ್ತದೆ.

ಪ್ಯಾಂಟಿನ ವಿಷಯ

ಕೋಟಿಗಿಂತ ಪ್ಯಾಂಟು ತಿದ್ದುವುದು ಹಗುರ. ಹಿಂದಿನ ನಡುಹೊಲಿಗೆಯ ಒಳಗೆ ಬಟ್ಟೆ ಇದ್ದರೆ ಒಂದರಿಂದ ಒಂದೂವರೆ ಇಂಚು ಬಿಡಿಸಬಹುದು, ತಿರುಗಿಸಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ಆದರೆ 38ರ ಜೊತೆ ಬರುವ 32ನ್ನು 36 ಮಾಡುವುದು ಆಗದ ಮಾತು. ಹೀಗಾಗಿ ಸೆಟ್ ಆಗಿ ಮಾರುವ ಸೂಟು ನಿಮಗೆ ಒಗ್ಗುವುದಿಲ್ಲ. ಕೋಟು, ಪ್ಯಾಂಟು ಬೇರೆ ಬೇರೆ ಸೈಜಿನಲ್ಲಿ ಕೊಡುವ ಕಂಪನಿಗಳಿವೆ, ಅಂಥಲ್ಲಿ 38ರ ಕೋಟಿಗೆ 36ರ ಪ್ಯಾಂಟು ಆರಿಸಿ. ಎರಡೂ ಒಂದೇ ದಿನ ಕೊಳ್ಳಿ, ಚೀಟಿಯ ಬಟ್ಟೆ ಸಂಖ್ಯೆ ಹೋಲಿಸಿ, ಅಂಗಡಿಯ ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಹಿಡಿದು ನೋಡಿ. ಬೇರೆ ಬೇರೆ ಸಲ ಬಣ್ಣ ಹಾಕಿದ ಬಟ್ಟೆಯಲ್ಲಿ ನೀಲಿಯ ಛಾಯೆ ಬದಲಾಗುತ್ತದೆ. ಟ್ಯೂಬ್‌ಲೈಟಿನಲ್ಲಿ ಗೊತ್ತಾಗದ್ದು ಮದುವೆ ಫೋಟೋದಲ್ಲಿ ಗೊತ್ತಾಗುತ್ತದೆ.

ಹೊಟ್ಟೆ ಇರುವವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುವುದು ರೂಢಿ. ಸೂಟಿನಲ್ಲಿ ಇದು ಎದ್ದು ಕಾಣುತ್ತದೆ: ಕೋಟಿನ ಗುಂಡಿಯ ಕೆಳಗೆ ಬಿಳಿ ಶರ್ಟಿನ ತ್ರಿಕೋನ, ಅದರ ತುದಿಗೆ ಇಣುಕುವ ಟೈ. ಲೋ ರೈಸ್ ಬಿಟ್ಟು ಮಿಡ್ ರೈಸ್ ಅಥವಾ ಹೈ ರೈಸ್ ಪ್ಯಾಂಟು ಆರಿಸಿ, ಹೊಕ್ಕುಳಿಗಿಂತ ಒಂದೆರಡು ಇಂಚು ಕೆಳಗೆ ನಿಲ್ಲುವಂಥದ್ದು. ಕೋಟಿನ ಗುಂಡಿ ಹೊಕ್ಕುಳಿನ ಮಟ್ಟದಲ್ಲಿ ಅಥವಾ ಅದಕ್ಕೆ ತುಸು ಮೇಲೆ ಬಂದರೆ ತ್ರಿಕೋನ ಮುಚ್ಚುತ್ತದೆ. ಉದ್ದ ಶೂವಿನ ಮೇಲೆ ಒಂದೇ ಒಂದು ಸಣ್ಣ ಮಡಿಕೆ ಬೀಳುವಷ್ಟಿರಲಿ, ಬಾಟಮ್ 14ರಿಂದ 15 ಇಂಚು ಸುತ್ತು. ಕೆಳಗೆ ಹೊರಮಡಿಕೆ ಬೇಡ, ಕಾಲು ಇನ್ನೂ ಗಿಡ್ಡ ಕಾಣುತ್ತದೆ.

ಹೊಲಿಸುವುದಾದರೆ

ರೆಡಿಮೇಡ್ ಹುಡುಕಾಟಕ್ಕೆ ಎರಡು ವಾರ ಕೊಡಿ. ಅಷ್ಟರಲ್ಲಿ ಭುಜ ಕೂರುವ ಕೋಟು ಸಿಗದಿದ್ದರೆ ಇನ್ನು ತಿರುಗಬೇಡಿ. ಮುಂದೆ ಎರಡು ದಾರಿ.

ಒಂದು, ಮೇಡ್ ಟು ಮೆಷರ್. ರೇಮಂಡ್‌ನಂಥ ಕಂಪನಿಗಳಲ್ಲಿ, ಬೆಂಗಳೂರಿನಲ್ಲಾದರೆ 1923ರಲ್ಲಿ ಶುರುವಾದ ಪಿ.ಎನ್. ರಾವ್‌ನಂಥ ಸೂಟಿನ ಅಂಗಡಿಗಳಲ್ಲಿ ಅಳತೆ ಕೊಟ್ಟು ಮಾಡಿಸಬಹುದು. ಮೇಡ್ ಟು ಮೆಷರ್ ಅಂದರೆ ಕಂಪನಿಯ ಸಿದ್ಧ ಅಚ್ಚನ್ನೇ ನಿಮ್ಮ ಅಳತೆಗೆ ತಿದ್ದಿ ಕತ್ತರಿಸುವುದು. ಅಲ್ಲಿ 38ರ ಭುಜಕ್ಕೆ 42ರ ಸೊಂಟ, ಶಾರ್ಟ್ ಉದ್ದ ಸೇರಿಸುವುದು ಕಂಪ್ಯೂಟರಿನಲ್ಲಿ ಅಂಕಿ ಬದಲಿಸುವ ಕೆಲಸ. ನಿಮ್ಮಂಥ ಮೈಕಟ್ಟಿಗೆ ಹೇಳಿ ಮಾಡಿಸಿದ ದಾರಿ ಇದು, ಹಣ ಹೊಂದುವುದಾದರೆ ಇದನ್ನೇ ಹಿಡಿಯಿರಿ ಅನ್ನುವುದು ನಮ್ಮ ಸಲಹೆ. ಬಂದ ಮೇಲೆ ಒಂದು ಸುತ್ತು ತಿದ್ದುಪಡಿ ಬೆಲೆಯಲ್ಲೇ ಸೇರಿದೆಯೇ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನೊಂದು, ಊರಿನ ಟೈಲರ್. ಶರ್ಟು, ಪ್ಯಾಂಟು ಚೆನ್ನಾಗಿ ಹೊಲಿಯುವವರೆಲ್ಲ ಕೋಟು ಹೊಲಿಯಬಲ್ಲರು ಅಂತಿಲ್ಲ. ಅಂಗಡಿಯಲ್ಲಿ ಬೇರೆಯವರಿಗೆ ಹೊಲಿದಿಟ್ಟ ಕೋಟು ತೋರಿಸಿ ಅನ್ನಿ. ಲ್ಯಾಪೆಲ್ಲಿನ ಮಡಿಕೆ ಮೇಲಿನ ಗುಂಡಿಯ ಹತ್ತಿರ ದುಂಡಗೆ ತಿರುಗಬೇಕು, ಇಸ್ತ್ರಿ ಹೊಡೆದು ಕಾಗದದ ಹಾಗೆ ಚಪ್ಪಟೆ ಕೂತಿರಬಾರದು. ತೋಳಿನ ಮೇಲ್ಭಾಗದಲ್ಲಿ ನೆರಿಗೆ ಕಾಣಬಾರದು. ಎದೆಯೊಳಗೆ ಹೊಲಿದು ಕೂರಿಸುವ ಕ್ಯಾನ್ವಾಸ್ ಹಾಕುತ್ತೀರೋ, ಬರೀ ಅಂಟಿಸುವ ಪೇಸ್ಟಿಂಗೋ ಅಂತ ಕೇಳಿ. ಪೇಸ್ಟಿಂಗ್ ಕಡಿಮೆ ಖರ್ಚಿನದು, ಆದರೆ ಅಂಟು ಸರಿ ಹಿಡಿಯದಿದ್ದರೆ ಕೆಲವು ಡ್ರೈಕ್ಲೀನ್ ಆದ ಮೇಲೆ ಎದೆಯ ಮೇಲೆ ಗುಳ್ಳೆ ಏಳುತ್ತವೆ. ಎದೆಭಾಗಕ್ಕೆ ಮಾತ್ರ ಕ್ಯಾನ್ವಾಸ್ ಹಾಕುವ ಅರೆ ಕ್ಯಾನ್ವಾಸ್ ಸಾಕು.

ಬಟ್ಟೆ 58 ಇಂಚು ಪನ್ನದ್ದು ನಿಮ್ಮ ಎತ್ತರಕ್ಕೆ 3 ಮೀಟರ್ ಬೇಕು. ವೇಸ್ಟ್‌ಕೋಟ್ ಸೇರಿದರೆ ಮೂರೂವರೆ. ನಮ್ಮ ಹವೆಗೆ ಪೂರ್ತಿ ಪನ್ನದ ಒಂದು ಮೀಟರ್ ಉದ್ದಕ್ಕೆ 240ರಿಂದ 270 ಗ್ರಾಂ ತೂಗುವ ಬಟ್ಟೆ ಹೊಂದುತ್ತದೆ. ಅದಕ್ಕಿಂತ ತೆಳುವಾದದ್ದು ಸೆಕೆಗೆ ಹಿತ, ಆದರೆ ಮೊಣಕೈ ಒಳಬದಿಯಲ್ಲಿ ಬೇಗ ಸುಕ್ಕು ಹಿಡಿಯುತ್ತದೆ. ಉಣ್ಣೆ ಬಟ್ಟೆಯ ಮೇಲೆ ಸೂಪರ್ 150 ಅಂತ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ಅಂಕಿ ಏರಿದಷ್ಟು ಎಳೆ ಸಣ್ಣ, ನಯ ಹೆಚ್ಚು, ಬಾಳಿಕೆ ಕಡಿಮೆ. 100ರಿಂದ 120 ಸಾಕು.

ಟೈಲರಿಗೆ ಮೂರು ಮಾತು ಮೊದಲೇ ಹೇಳಿ. ಕತ್ತರಿಸುವ ಮೊದಲು ಬಟ್ಟೆಗೆ ಹಬೆ ಕೊಟ್ಟು ಕುಗ್ಗಿಸಬೇಕು. ಕೋಟಿನ ಪಕ್ಕ ಮತ್ತು ಬೆನ್ನಿನ ಹೊಲಿಗೆಯಲ್ಲಿ ಒಂದು ಇಂಚು, ಪ್ಯಾಂಟಿನ ಹಿಂದೆ ಒಂದೂವರೆ ಇಂಚು ಒಳಗೆ ಬಿಡಬೇಕು. ತೋಳನ್ನು ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿ, ಲೈನಿಂಗ್ ಮುಚ್ಚುವ ಮೊದಲು ಟ್ರಯಲ್ ಕೊಡಬೇಕು. ಈ ಕೊನೆಯದಕ್ಕೆ ಹಲವರು "ಬೇಡ ಬಿಡಿ ಸರ್, ಅಳತೆ ಸರಿಯಾಗಿದೆ" ಅನ್ನುತ್ತಾರೆ. ಟ್ರಯಲ್ ಕೊಡದವರ ಹತ್ತಿರ ಕೋಟು ಹೊಲಿಸಬೇಡಿ. ಭುಜದ ಇಳಿಜಾರು, ಬೆನ್ನಿನ ಬಾಗು, ಕೈ ಮುಂದಕ್ಕೆ ತೂಗುವ ರೀತಿ ಇವು ಟೇಪಿಗೆ ಸಿಗುವುದಿಲ್ಲ, ಮೈಮೇಲೆ ಹಾಕಿದಾಗಲೇ ಕಾಣುವುದು. ಹಳೆಯದೊಂದು ಕೋಟು ಕೊಟ್ಟು "ಇದರ ಅಳತೆಗೆ ಹೊಲಿಯಿರಿ" ಅನ್ನುವುದೂ ಬೇಡ. ಅದರ ತಪ್ಪುಗಳೂ ಹೊಸದಕ್ಕೆ ಇಳಿಯುತ್ತವೆ.

ಜೋಧಪುರಿ ಯೋಚನೆ ಇದ್ದರೆ ಅದನ್ನಂತೂ ಹೊಲಿಸಿಯೇ ಹಾಕಿ. ಕತ್ತಿನವರೆಗೆ ಮುಚ್ಚುವುದರಿಂದ ಎದೆ, ಹೊಟ್ಟೆ, ಭುಜದ ಜೊತೆ ಕತ್ತಿನ ಸುತ್ತೂ ಹೊಂದಬೇಕು, ರೆಡಿಮೇಡ್‌ನಲ್ಲಿ ನಾಲ್ಕೂ ಕೂಡಿಬರುವುದು ಅಪರೂಪ.

ದಿನಗಳ ಲೆಕ್ಕ ಹೀಗಿರಲಿ: ಎರಡನೇ ವಾರದ ಕೊನೆಗೆ ಬಟ್ಟೆ ಟೈಲರ ಕೈ ಸೇರಬೇಕು, ಐದನೇ ವಾರಕ್ಕೆ ಟ್ರಯಲ್, ಏಳನೇ ವಾರಕ್ಕೆ ಸೂಟು ಕೈಗೆ. ಮದುವೆಯ ಸುಗ್ಗಿಯಲ್ಲಿ ಒಳ್ಳೆಯ ಟೈಲರುಗಳು ಆರ್ಡರ್ ಹಿಡಿಯುವುದನ್ನೇ ನಿಲ್ಲಿಸುತ್ತಾರೆ. ತಾರೀಖು ದೂರವಿರುವ ಓದುಗರು ಆಷಾಢದಲ್ಲೋ ಧನುರ್ಮಾಸದಲ್ಲೋ ಕೊಟ್ಟರೆ ಟೈಲರಿಗೂ ಬಿಡುವಿರುತ್ತದೆ, ಆಷಾಢದಲ್ಲಾದರೆ ಬಟ್ಟೆ ಅಂಗಡಿಯಲ್ಲಿ ರಿಯಾಯಿತಿಯೂ ಸಿಗುತ್ತದೆ. ಮದುವೆಯೊಳಗೆ ತೂಕ ಇಳಿಸುತ್ತೇನೆ ಅಂತ ಲೆಕ್ಕ ಹಾಕಿ ಬಿಗಿ ಮಾಡಿಸಬೇಡಿ. ಇವತ್ತಿನ ಮೈಗೆ ಹೊಲಿಸಿ, ನಿಜವಾಗಿ ಇಳಿದರೆ ಹತ್ತು ದಿನ ಮುಂಚೆ ಸೊಂಟ ಹಿಡಿಸಿದರಾಯಿತು. ನಂಟರ ಮನೆಯ ಊಟಗಳು ಶುರುವಾದ ಮೇಲೆ ಏರುವವರೇ ಹೆಚ್ಚು.

ತರುವ ದಿನ ಅಂಗಡಿಯಲ್ಲೇ ಹಾಕಿ, ಕೂತು, ಕೈ ಚಾಚಿ ನೋಡಿ. ಕತ್ತರಿ ಕೇಳಿ ಹಿಂದಿನ ಸೀಳಿಗೆ ಹಾಕಿರುವ ಗುಣಾಕಾರದ ದಾರವನ್ನೂ, ರೆಡಿಮೇಡ್ ಆದರೆ ಎಡತೋಳಿನ ಮೇಲೆ ಹೊಲಿದಿರುವ ಬ್ರ್ಯಾಂಡ್ ಪಟ್ಟಿಯನ್ನೂ ಬಿಚ್ಚಿಸಿ. ಅವು ಸಾಗಾಟಕ್ಕೆ, ತೋರಿಕೆಗೆ ಹಾಕಿದವು. ಎದೆಜೇಬಿನ ಹೊಲಿಗೆ ಬಿಚ್ಚಿ, ಕರವಸ್ತ್ರ ಇಡಬಹುದು. ಪಕ್ಕದ ಜೇಬುಗಳನ್ನು ಹಾಗೇ ಮುಚ್ಚಿ ಬಿಡಿ: ಆರತಕ್ಷತೆಯ ಮುಯ್ಯಿ ಕವರುಗಳನ್ನು ಅದರೊಳಗೆ ತುರುಕಿದರೆ ಅಷ್ಟು ಕಷ್ಟಪಟ್ಟು ಕೂರಿಸಿದ ಸೊಂಟ ಅರ್ಧ ಗಂಟೆಯಲ್ಲಿ ಜೋಲುತ್ತದೆ.